ಐದನೇ ವಿಮಾನದ ಹಿಂದಿನ ಜಾಗ

ಫೆಬ್ರವರಿ 3

ಅಪ್ಪಾ,

ಫೋನ್ ಮಾಡಿದರೆ ನೀವು ಎತ್ತುವುದಿಲ್ಲ. ಎತ್ತಿದರೂ "ಹೂಂ, ಆಯ್ತು, ಇಡ್ತೀನಿ" ಎನ್ನುವಷ್ಟರಲ್ಲಿ ಮಾತು ಮುಗಿದಿರುತ್ತದೆ. ಮೂವತ್ತೊಂದು ವರ್ಷ ಹೆಡ್‌ಫೋನ್ ಹಾಕಿಕೊಂಡು ಪೈಲಟ್‌ಗಳ ಮಾತು ಕೇಳಿದ ಕಿವಿಗೆ ನನ್ನ ಮಾತೂ ಯಾಕೆ ಎಂದುಕೊಂಡು ಕಾಗದ ಬರೆಯಲು ಕೂತಿದ್ದೇನೆ. ಅಕ್ಷರ ಕೋಳಿ ಕೆದರಿದ ಹಾಗಿದೆ ಎಂದು ಬೈಯಬಾರದು.

ನಾನಿಲ್ಲಿ ಏನು ಕೆಲಸ ಮಾಡುತ್ತೇನೆಂದು ನೀವು ಒಂದು ಸಲವೂ ಕೇಳಿಲ್ಲ. ಕೇಳದಿದ್ದರೂ ಹೇಳುತ್ತೇನೆ. ಈಗ ವಿಮಾನಗಳು ಊರಿನ ಹತ್ತಿರ ಬಂದು, ತಮ್ಮ ಸರದಿ ಬರುವ ತನಕ ಆಕಾಶದಲ್ಲಿ ಸುತ್ತು ಹಾಕುತ್ತಿರುತ್ತವೆ, ಸುಮ್ಮನೆ ಇಂಧನ ಸುಡುತ್ತವೆ. ಅದರ ಬದಲು, ಅವು ಇನ್ನೂ ಒಂದು ಗಂಟೆ ದೂರದಲ್ಲಿರುವಾಗಲೇ "ನಿಮ್ಮ ಸರದಿ ಐದೂ ಹನ್ನೆರಡಕ್ಕೆ, ಅದಕ್ಕೆ ತಕ್ಕ ಹಾಗೆ ನಿಧಾನವಾಗಿ ಬನ್ನಿ" ಎಂದು ಹೇಳಿಬಿಟ್ಟರೆ ಹೇಗೆ? ಆ ಸರದಿ ಹಂಚುವ ಕಂಪ್ಯೂಟರ್ ಮಾದರಿಯೇ ನಮ್ಮ ಕೆಲಸ. ನೀವಿದ್ದ ನಿಲ್ದಾಣದ ಹತ್ತು ವರ್ಷಗಳ ದಾಖಲೆಯನ್ನು ಅದಕ್ಕೆ ಉಣಿಸಿದ್ದೇವೆ. ಯಾವ ಸಂಜೆ ವಿಮಾನಗಳು ಕಡಿಮೆ ತಡವಾದವೋ ಆ ಸಂಜೆಯನ್ನು ನೋಡಿ ಅದು ಹೆಚ್ಚು ಕಲಿಯುತ್ತದೆ.

ಕಲಿಯುತ್ತಾ ಒಂದು ವಿಚಿತ್ರವನ್ನೂ ಕಲಿತಿದೆ. ಇಳಿಯುವ ಎರಡು ವಿಮಾನಗಳ ನಡುವೆ ತೊಂಬತ್ತು ಸೆಕೆಂಡು ಸಾಕು, ಸಂಜೆಯ ನೂಕುನುಗ್ಗಲಿನಲ್ಲಿ ಎಲ್ಲರೂ ಹಾಗೆಯೇ ಸಾಲು ಕಟ್ಟುತ್ತಾರೆ. ನಮ್ಮ ಮಾದರಿ ಮಾತ್ರ ಪ್ರತಿ ಐದನೇ ವಿಮಾನದ ಹಿಂದೆ ನಲವತ್ತು ಸೆಕೆಂಡು ಹೆಚ್ಚಿಗೆ ಬಿಡುತ್ತದೆ. ನಾವ್ಯಾರೂ ಹೇಳಿಕೊಟ್ಟಿಲ್ಲ. ಹುಡುಕಿದರೆ, ಒಂಬತ್ತು ವರ್ಷದ ಹಿಂದೆ ಹದಿನಾಲ್ಕು ತಿಂಗಳ ಕಾಲ ಯಾರೋ ಹೀಗೆ ಜಾಗ ಬಿಟ್ಟಿದ್ದಾರೆ. ಆಮೇಲೆ ನಿಲ್ಲಿಸಿದ್ದಾರೆ. ತಮಾಷೆಯೆಂದರೆ, ಆ ಸಂಜೆಗಳಲ್ಲಿ ಇಡೀ ನಿಲ್ದಾಣದಲ್ಲಿ ತಡವಾದದ್ದು ಕಡಿಮೆ.

ಆಗ ನೀವೂ ಅಲ್ಲೇ ಇದ್ದಿರಿ. ನಿಮಗೇನಾದರೂ ಗೊತ್ತೇ?

ನಿಮ್ಮ
ಯಾಕಮ್ಮ

*

ಫೆಬ್ರವರಿ 19

ಚಿರಂಜೀವಿ ಯಾಕಮ್ಮನಿಗೆ,

ನಿನ್ನ ಕಾಗದ ಬಂತು. ಅಕ್ಷರದ ಬಗ್ಗೆ ಏನೂ ಹೇಳುವುದಿಲ್ಲ, ಬಿಡಿಸಿ ಓದಲು ಎರಡು ದಿನ ಹಿಡಿಯಿತು ಎಂದಷ್ಟೇ ಹೇಳುತ್ತೇನೆ. ಮೂರನೇ ವಯಸ್ಸಿನಲ್ಲಿ ನಲ್ಲಿಯ ಮುಂದೆ ನಿಂತು "ನೀರು ಕೆಳಗೇ ಯಾಕೆ ಬೀಳತ್ತೆ?" ಎಂದು ಕೇಳಿ ನನ್ನ ಶಿಫ್ಟ್ ತಪ್ಪಿಸಿ ಯಾಕಮ್ಮ ಎನಿಸಿಕೊಂಡವಳು ನೀನು. ಈಗ ಅದೇ ಕೆಲಸಕ್ಕೆ ಸಂಬಳ ಕೊಡುತ್ತಿದ್ದಾರೆ ಎಂದರೆ ಸಂತೋಷವೇ.

ನಿನ್ನ ಮಾದರಿಯ ವಿಷಯ ಓದಿ ನಾನೂ ಸ್ವಲ್ಪ ತಲೆ ಕೆಡಿಸಿಕೊಂಡೆ. ಒಂದು ಗಂಟೆ ದೂರದಲ್ಲಿರುವ ವಿಮಾನಕ್ಕೆ ಸಮಯ ಕೊಟ್ಟೆ ಸರಿ. ದಾರಿಯಲ್ಲಿ ಎದುರುಗಾಳಿ ಸಿಕ್ಕಿದರೆ? ಅದರ ಹಿಂದಿನದಕ್ಕೆ ಗಾಳಿ ಸಿಗದೆ ಇದು ಬರುವ ಮೊದಲೇ ಅದು ಬಂದರೆ? ಇದಕ್ಕೆ ಉತ್ತರ ಬರೆ. ಕೆಣಕಲು ಕೇಳುತ್ತಿಲ್ಲ, ತಿಳಿಯಬೇಕೆಂಬ ಆಸೆ ಹುಟ್ಟಿದೆ. ನಮ್ಮ ಕಾಲದಲ್ಲಿ ಇಂಥದ್ದನ್ನು ಕೇಳಿದ್ದರೆ ನಮ್ಮ ದೊಡ್ಡವರು "ರೇಡಾರ್ ನೋಡಪ್ಪ, ಮೊದಲು ಎದುರಿಗಿರೋದನ್ನ ನೋಡು" ಎನ್ನುತ್ತಿದ್ದರು.

ನಿನಗೆ ನೆನಪಿರಬಹುದು, ನಾನು ಕೂರುತ್ತಿದ್ದದ್ದು ನೆಲಮಾಳಿಗೆಯಲ್ಲಿ, ಕಿಟಕಿಯೇ ಇಲ್ಲದ ರೇಡಾರ್ ಕೋಣೆಯಲ್ಲಿ. ದೂರದಿಂದ ಬರುವವರನ್ನು ಸಾಲು ಕಟ್ಟಿ ಮೇಲಿನ ಗಾಜಿನ ಟವರ್‌ಗೆ ಒಪ್ಪಿಸುವುದು ನನ್ನ ಕೆಲಸ. ಅಲ್ಲಿಂದ ಇಳಿಸುವುದು, ಮಧ್ಯೆ ಮಧ್ಯೆ ಹೊರಡುವವರನ್ನು ಕಳಿಸುವುದು ಟವರ್‌ನವರ ಕೆಲಸ. ಹದಿನಾರು ವರ್ಷ ನಿನ್ನ ಅಮ್ಮ ಮೇಲೆ, ನಾನು ಕೆಳಗೆ. ಹೊರಗೆ ಮಳೆಯೋ ಬಿಸಿಲೋ ಎಂದು ನನಗೆ ತಿಳಿಯುತ್ತಿದ್ದದ್ದು ಅವಳ ದನಿಯಿಂದ.

ನೀನು ಕೇಳಿದ ಜಾಗದ ವಿಷಯ ನನಗೆ ನೆನಪಿಲ್ಲ. ಒಂಬತ್ತು ವರ್ಷದ ಮಾತು. ಅಮ್ಮನನ್ನು ನೋಡಲು ಹೋಗಿದ್ದೆಯಾ? ಹೋದರೆ ನಾನು ಕೇಳಿದೆ ಎಂದು ಹೇಳಬೇಡ.

ಅಪ್ಪ

*

ಮಾರ್ಚ್ 2

ಅಪ್ಪಾ,

ಎದುರುಗಾಳಿಯ ಉತ್ತರ ಬೇರೆ ಹಾಳೆಯಲ್ಲಿ ಚಿತ್ರ ಸಮೇತ ಇಟ್ಟಿದ್ದೇನೆ. ವಿಮಾನಗಳೇ ತಮ್ಮ ಸುತ್ತಲಿನ ಗಾಳಿಯನ್ನು ಅಳೆದು ನಮಗೆ ಹೇಳುತ್ತಿರುತ್ತವೆ. ಮುಂದೆ ಹೋದವರು ಹೇಳಿದ್ದನ್ನು ಕೇಳಿಕೊಂಡು ಹಿಂದಿನವರ ಸಮಯವನ್ನು ತಿದ್ದುತ್ತೇವೆ. ಪೂರ್ತಿ ಸರಿಹೋಗಿಲ್ಲ. ನಿಮ್ಮ ಪ್ರಶ್ನೆಯನ್ನು ನಮ್ಮ ತಂಡದ ಮೇಷ್ಟ್ರಿಗೆ ಹೇಳಿದರೆ "ಯಾರಮ್ಮ ಇದನ್ನ ಕೇಳಿದ್ದು? ಕರ್ಕೊಂಡ್ ಬಾ ಅವರನ್ನ" ಎಂದರು.

ಈಗ ನನ್ನ ಪ್ರಶ್ನೆ. ನೆನಪಿಲ್ಲ ಎಂದು ಬರೆದಿರಿ. ನಂಬಲೇ?

ದಾಖಲೆಯಲ್ಲಿ ಯಾರ ಹೆಸರೂ ಇರುವುದಿಲ್ಲ, ಬರೀ ಸಂಖ್ಯೆ. ಆ ಜಾಗ ಬಿಟ್ಟವರು 17. ಆದರೆ 17 ದಿನಾ ಹಾಗೆ ಬಿಡುತ್ತಿರಲಿಲ್ಲ. ಟವರ್‌ನಲ್ಲಿ 9 ಇದ್ದ ದಿನ ಮಾತ್ರ ಬಿಡುತ್ತಿದ್ದರು. ಮೇಲೆ ಬೇರೆ ಯಾರೇ ಇರಲಿ, ಕರಾರುವಾಕ್ಕಾಗಿ ತೊಂಬತ್ತೇ ಸೆಕೆಂಡು. ಇನ್ನೊಂದು ನೋಡಿದೆ. ಅಕ್ಟೋಬರ್‌ನಲ್ಲಿ ಮೂರು ವಾರ 17 ಒಂದು ದಿನ ರಜೆ, 9 ಮರುದಿನ ರಜೆ, ಮತ್ತೆ 17, ಮತ್ತೆ 9. ನಾನು ಹತ್ತನೇ ತರಗತಿಯಲ್ಲಿ ಮೆಟ್ಟಿಲಿನಿಂದ ಬಿದ್ದು ಕಾಲು ಮುರಿದುಕೊಂಡ ಅಕ್ಟೋಬರ್, ನೀವೂ ಅಮ್ಮನೂ ಸರದಿಯ ಮೇಲೆ ನನ್ನ ಜೊತೆ ಮನೆಯಲ್ಲಿ ಉಳಿದ ಅಕ್ಟೋಬರ್. ಕಂಪ್ಯೂಟರ್ ಮುಂದೆ ಕೂತಲ್ಲೇ ನನಗೆ ಅಳು ಬಂತು, ಪಕ್ಕದವರು ನೆಗಡಿಯೇ ಎಂದು ಕೇಳಿದರು.

ಮೇಷ್ಟ್ರಿಗೆ ನಿಜ ಹೇಳಿದ್ದೇನೆ. "ಅಪ್ಪ ಅಂತ ಬಿಡೋ ಹಾಗಿಲ್ಲ, ಅಪ್ಪ ಅಂತ ಹಿಡ್ಕೊಳ್ಳೋ ಹಾಗೂ ಇಲ್ಲ. ಕಾರಣ ಬೇಕು" ಎಂದರು. ಅವರು ಹೇಳುವುದು ಸರಿ. ಮೇ ಕೊನೆಗೆ ಸುರಕ್ಷತಾ ಸಮಿತಿಯ ಮುಂದೆ ಮಾದರಿಯನ್ನು ಇಡಬೇಕು. ಕಾರಣ ಗೊತ್ತಿಲ್ಲದ ಜಾಗವನ್ನು ತೆಗೆದುಹಾಕಿ, ಅಲ್ಲೇನೋ ಅಪಾಯವಿದ್ದದ್ದು ಆಮೇಲೆ ತಿಳಿದರೆ? ಸುಮ್ಮನೆ ಉಳಿಸಿಕೊಂಡರೆ ಸಮಿತಿ ಒಪ್ಪುವುದಿಲ್ಲ, ಮೂರು ವರ್ಷದ ಕೆಲಸ ಅಲ್ಲಿಗೆ ನಿಲ್ಲುತ್ತದೆ. ವರದಿಗೆ ಸಹಿ ಹಾಕಬೇಕಾದವಳು ನಾನು. ದಯವಿಟ್ಟು ಹೇಳಿ.

ಯಾಕಮ್ಮ

*

ಮಾರ್ಚ್ 29

ಮಗಳೇ,

ಈ ಕಾಗದವನ್ನು ನಾಲ್ಕು ಸಲ ಹರಿದು ಬರೆಯುತ್ತಿದ್ದೇನೆ.

ಕೆಳಗಿನಿಂದ ನಾನು ನೇರ ಲೈನಿನಲ್ಲಿ "ಒಪ್ಪಿಸುತ್ತಿದ್ದೇನೆ" ಎಂದು ವಿಮಾನದ ನಂಬರ್ ಹೇಳಿದರೆ, ಮೇಲಿನಿಂದ ನಿನ್ನ ಅಮ್ಮ "ತಗೊಂಡೆ" ಎನ್ನಬೇಕು. ಅದು ನಿಯಮ. ನನ್ನ ಮಾತಿನ ಕೊನೆಯ ಅಕ್ಷರ ಮುಗಿಯುವುದಕ್ಕೂ ಅವಳ "ತಗೊಂಡೆ" ಬರುವುದಕ್ಕೂ ನಡುವೆ ಕೂದಲೆಳೆಯಷ್ಟೂ ಅಂತರ ಇರುತ್ತಿರಲಿಲ್ಲ. ಆ ವರ್ಷ ಇದ್ದಕ್ಕಿದ್ದಂತೆ ಅವಳ ಉತ್ತರ ತಡವಾಗತೊಡಗಿತು. ಎರಡೇ ಸೆಕೆಂಡು. ಒಂದು ದಿನವಲ್ಲ, ದಿನಾ, ಪ್ರತಿ ವಿಮಾನಕ್ಕೂ.

ನಿನ್ನ ಅಜ್ಜಿ, ಅಮ್ಮನ ತಾಯಿ, ತೀರಿಹೋಗಿ ಆಗ ಎರಡು ತಿಂಗಳಾಗಿತ್ತು. ಅಮ್ಮ ಒಂದು ಹನಿ ಕಣ್ಣೀರು ಹಾಕಿರಲಿಲ್ಲ. ಅದೆಲ್ಲ ಒಳಗೇ ಕೂತು ಈಗ ಅವಳ ಕೆಲಸವನ್ನು ಕಾಡುತ್ತಿದೆ ಎಂದುಕೊಂಡೆ. ಕೇಳೋಣವೆಂದರೆ ಆ ಲೈನಿನ ಮಾತೆಲ್ಲ ರೆಕಾರ್ಡ್ ಆಗುತ್ತದೆ. "ಹುಷಾರಿದ್ದೀಯಾ?" ಎಂದು ನಾನು ಅಲ್ಲಿ ಕೇಳಿದ್ದರೆ ಮರುದಿನವೇ ಅವಳನ್ನು ವೈದ್ಯರ ಮುಂದೆ ಕೂರಿಸುತ್ತಿದ್ದರು. ಮನೆಯಲ್ಲಿ ಕೇಳೋಣವೆಂದರೆ, ನೀನು ಹುಟ್ಟಿದಾಗ ನಾವೇ ಮಾಡಿಕೊಂಡ ಕಟ್ಟಳೆ, ಕೆಲಸದ ಮಾತು ಹೊಸ್ತಿಲು ದಾಟಬಾರದು ಎಂದು. ಹಾಗಾಗಿ ಕೇಳಲಿಲ್ಲ. ಐದಕ್ಕೊಂದು ಸಲ ನಲವತ್ತು ಸೆಕೆಂಡು ಬಿಟ್ಟೆ. ಒಂದು ಉಸಿರು ಎಳೆದುಕೊಳ್ಳಲಿ ಎಂದು.

ಇದನ್ನು ವರದಿಯಲ್ಲಿ ಹಾಕಬೇಡ. ಅವಳು ಆ ಕುರ್ಚಿಯಲ್ಲಿ ತಲೆ ಎತ್ತಿ ಕೂತಿದ್ದವಳು. 17ನೆಯವರ ಕೈ ನಿಧಾನವಾಗಿತ್ತು, ಅದಕ್ಕೆ ಸಾಲಿನಲ್ಲಿ ಜಾಗ ಬಿತ್ತು ಎಂದು ಬರೆ. ನಾನು ಸಹಿ ಹಾಕಿ ಕೊಡುತ್ತೇನೆ. ನನಗೆ ಈ ವಯಸ್ಸಿನಲ್ಲಿ ಏನಾಗಬೇಕಿದೆ?

ಇನ್ನೊಂದು ಮಾತು ಇದೆ. ಅದನ್ನು ಬರೆಯಲು ಇವತ್ತು ಧೈರ್ಯ ಸಾಲದು.

ಅಪ್ಪ

*

ಏಪ್ರಿಲ್ 8

ಅಮ್ಮಾ,

ನಿನ್ನ ಹತ್ತಿರ ಒಂದು ಕೆಲಸದ ವಿಷಯ ಕೇಳಬೇಕು. ಫೋನಿನಲ್ಲಿ ಕೇಳಿದರೆ ನೀನು ಮಾತು ಮಾತಿಗೂ "ಊಟ ಮಾಡಿದ್ಯಾ?" ಎನ್ನುತ್ತೀಯ, ಅದಕ್ಕೆ ಬರೆಯುತ್ತಿದ್ದೇನೆ. ಊಟ ಮಾಡಿದ್ದೇನೆ.

ಒಂಬತ್ತು ವರ್ಷದ ಹಿಂದೆ, ನೀನು ಟವರ್‌ನಲ್ಲಿದ್ದಾಗ, ಕೆಳಗಿನಿಂದ ಬರುವ ಸಾಲಿನಲ್ಲಿ ಐದಕ್ಕೊಂದು ಸಲ ಹೆಚ್ಚು ಜಾಗ ಇರುತ್ತಿತ್ತು. ಯಾಕೆಂದು ನಿನಗೆ ಗೊತ್ತಿತ್ತೇ? ಆ ಸಮಯದಲ್ಲಿ ನಿನ್ನ ಕಡೆ ಏನಾದರೂ ಬದಲಾಗಿತ್ತೇ? ಎಷ್ಟು ಚಿಕ್ಕದಾದರೂ ಸರಿ, ಬರೆ. ನೀನು ಹೇಳುವುದರ ಮೇಲೆ ನಮ್ಮ ಮಾದರಿಯ ಹಣೆಬರಹ ನಿಂತಿದೆ.

ನಿನ್ನ ಮಗಳು

*

ಏಪ್ರಿಲ್ 21

ಪುಟ್ಟಾ,

ಮೂರು ಹೊತ್ತು ಊಟ ಮಾಡಿದ್ದರೆ ಸಂತೋಷ.

ಗೊತ್ತಿತ್ತೇ ಎಂದರೆ? ಗಾಜಿನ ಕೋಣೆಯಲ್ಲಿ ಕೂತವಳಿಗೆ ಆಕಾಶದಲ್ಲಿರುವ ತೂತು ಕಾಣುವುದಿಲ್ಲವೇ? ಮೊದಲ ವಾರವೇ ಕಂಡಿತು. ನಿನ್ನ ಅಪ್ಪ ಸಾಲು ಕಟ್ಟಿದರೆ ದಾರದಲ್ಲಿ ಮಣಿ ಪೋಣಿಸಿದ ಹಾಗಿರುತ್ತಿತ್ತು. ಅಂಥವರ ಸಾಲಿನಲ್ಲಿ ಜಾಗ ಬೀಳತೊಡಗಿತು. ಐವತ್ತು ದಾಟಿತ್ತು, ಕಣ್ಣು ಸೋಲುತ್ತಿದೆ ಎಂದುಕೊಂಡೆ. ಕೇಳಲಿಲ್ಲ. ಲೈನಿನಲ್ಲಿ "ಯಾಕಿಷ್ಟು ಜಾಗ?" ಎಂದು ನಾನು ಒಂದೇ ಒಂದು ಸಲ ಅಂದಿದ್ದರೂ ಅವರ ಕೆಲಸಕ್ಕೆ ಕುತ್ತು.

ಅದಕ್ಕೆ ಒಂದು ಉಪಾಯ ಮಾಡಿದೆ. ಹೊರಡುವ ವಿಮಾನವೊಂದನ್ನು ರನ್‌ವೇ ತುದಿಯಲ್ಲಿ ಸಿದ್ಧವಾಗಿ ನಿಲ್ಲಿಸಿಕೊಂಡಿರುತ್ತಿದ್ದೆ. ಜಾಗ ಬಂದ ತಕ್ಷಣ ಅದನ್ನು ಹಾರಿಸಿಬಿಡುತ್ತಿದ್ದೆ. ನೋಡಿದವರಿಗೆ ಬೇಕೆಂದೇ ಬಿಟ್ಟ ಜಾಗ ಅನ್ನಿಸಬೇಕು, ಅಷ್ಟೇ ನನ್ನ ಉದ್ದೇಶ. ಸಂಜೆ ಹೊತ್ತು ಇಳಿಯುವವರೇ ಹೆಚ್ಚಾಗಿ ಹೊರಡುವವರು ನಿಂತಲ್ಲೇ ನಿಲ್ಲುತ್ತಾರೆ, ಅವರು ಜಾಗ ಖಾಲಿ ಮಾಡದೆ ಇಳಿದವರಿಗೆ ನಿಲ್ಲಲು ಎಡೆ ಸಿಗುವುದಿಲ್ಲ. ಹೀಗೆ ನಡುನಡುವೆ ಒಬ್ಬೊಬ್ಬರನ್ನು ಕಳಿಸಿದರೆ ಎಲ್ಲ ಸಲೀಸಾಗುತ್ತಿತ್ತು. ನಿನ್ನ ಕಂಪ್ಯೂಟರ್‌ಗೆ ಅದು ಇಷ್ಟವಾಗಿದ್ದರೆ ಆಶ್ಚರ್ಯವಿಲ್ಲ.

ನನ್ನ ಕಡೆ ಏನು ಬದಲಾಯಿತು ಎಂದು ಕೇಳಿದ್ದೀಯ. ಏನಿಲ್ಲ. ವಿಮಾನದ ವಿವರ ಬರೆದುಕೊಳ್ಳುತ್ತಿದ್ದ ಕಾಗದದ ಚೀಟಿ ಹೋಗಿ ಟಚ್ ಸ್ಕ್ರೀನ್ ಬಂತು, ಮೊದಲು ಟವರ್‌ಗೆ ಮಾತ್ರ. ದರಿದ್ರದ್ದು, ವಿಮಾನದ ನಂಬರ್ ಮುಟ್ಟಬೇಕು, ರನ್‌ವೇ ಮುಟ್ಟಬೇಕು, "ಸರಿ" ಎಂಬಲ್ಲಿ ಮುಟ್ಟಬೇಕು. ಮೂರೂ ಮುಟ್ಟುವ ತನಕ ಲೈನ್ ತೆರೆಯುತ್ತಲೇ ಇರಲಿಲ್ಲ. "ತಗೊಂಡೆ" ಎನ್ನಲು ಬಾಯಿ ತೆರೆದುಕೊಂಡು ಕಾಯಬೇಕಿತ್ತು.

ಆಮೇಲೆ ಒಂದು ದಿನ ನನ್ನನ್ನು ಟವರ್‌ನಿಂದ ಇಳಿಸಿ ತರಬೇತಿ ಕೋಣೆಗೆ ಹಾಕಿದರು. ಕಾರಣ ಹೇಳಲಿಲ್ಲ. ನನಗದು ಕರುಳು ಕಿತ್ತ ಹಾಗಾಯಿತು. ನಿನ್ನ ಅಪ್ಪ ಆ ದಿನದಿಂದ ಮೆತ್ತಗೆ ಮಾತಾಡಲು ಶುರುಮಾಡಿದರು. ನಾನು ಹೋದಲ್ಲೆಲ್ಲ ಟೀ ತಂದಿಡುವುದು, "ಸುಸ್ತಾಯ್ತಾ, ಮಲಕ್ಕೋ" ಎನ್ನುವುದು. ಜಗಳವಾಡಿದ್ದರೆ ತಡೆದುಕೊಳ್ಳುತ್ತಿದ್ದೆ. ರೋಗಿಯನ್ನು ನೋಡುವ ಹಾಗೆ ನೋಡುವವರ ಜೊತೆ ಬದುಕುವುದು ನನ್ನಿಂದ ಆಗಲಿಲ್ಲ. ನಾನು ಮನೆ ಬಿಟ್ಟು ಬಂದ ಈ ಐದು ವರ್ಷದಿಂದ ನೀನು ಯಾಕೆ ಯಾಕೆ ಎಂದು ಕೇಳುತ್ತಿದ್ದೆಯಲ್ಲ, ಇದೇ ಉತ್ತರ. ಅವರಿಗೆ ತೋರಿಸಬೇಕೆನಿಸಿದರೆ ತೋರಿಸು.

ಅಮ್ಮ

*

ಮೇ 4

ಅಪ್ಪಾ,

ಅಮ್ಮನ ಕಾಗದದ ಪ್ರತಿ ಜೊತೆಗಿದೆ. ಮೊದಲು ಅದನ್ನು ಓದಿ. ಓದಿ ಸ್ವಲ್ಪ ಹೊತ್ತು ಕೂತು ಆಮೇಲೆ ಇದನ್ನು ಓದಿ.

ನೀವು ಹೇಳಿದ ಹಾಗೆ ನಾನು ಬರೆಯಲಾರೆ. ನಿಮ್ಮ ಕೈ ನಿಧಾನವಾಗಿರಲಿಲ್ಲ, ಅಮ್ಮನ ಮನಸ್ಸೂ ಸೋತಿರಲಿಲ್ಲ. ಸ್ಕ್ರೀನ್ ಬಂದ ತಾರೀಕನ್ನು ಹುಡುಕಿ ತೆಗೆದೆ. ಅದೇ ದಿನದಿಂದ ಉತ್ತರ ತಡ. ಅಮ್ಮನದೊಂದೇ ಅಲ್ಲ, ಟವರ್‌ನಲ್ಲಿದ್ದ ಹನ್ನೊಂದು ಜನರದೂ ಎರಡು ಸೆಕೆಂಡು ತಡ. ಆ ಹನ್ನೊಂದು ಜನರಿಗೂ ನೀವು ವಿಮಾನ ಒಪ್ಪಿಸಿದ್ದೀರಿ. ಉಳಿದ ಹತ್ತು ಜನ ತಡಮಾಡಿದ್ದು ನಿಮ್ಮ ಗಮನಕ್ಕೇ ಬಂದಿಲ್ಲ. ನೀವು ಕಿವಿಗೊಟ್ಟು ಕೇಳುತ್ತಿದ್ದದ್ದು ಒಬ್ಬರನ್ನು ಮಾತ್ರ.

ಇದನ್ನು ಮೇಷ್ಟ್ರಿಗೆ ತೋರಿಸಿದೆ. ತುಂಬಾ ಹೊತ್ತು ಗಲ್ಲ ಕೆರೆದುಕೊಂಡರು. "ಅಲ್ಲಮ್ಮ, ಇಬ್ರೂ ತಪ್ಪು ತಿಳ್ಕೊಂಡು ಸರಿಯಾದ್ದನ್ನ ಮಾಡಿದ್ದಾರಲ್ಲ! ನಾವು ಅದನ್ನ ತಿಳ್ಕೊಂಡು ಮಾಡೋಣ" ಎಂದರು. ಹಾಗಾಗಿ ಜಾಗ ಉಳಿಯುತ್ತದೆ, ಆದರೆ ಐದಕ್ಕೊಂದು ಎಂದು ಕಣ್ಣು ಮುಚ್ಚಿ ಅಲ್ಲ. ಹೊರಡುವವರು ಕಾಯುತ್ತಿದ್ದರೆ ಟವರ್‌ನವರು "ಜಾಗ ಬೇಕು" ಎಂದು ಒಂದು ಗುಂಡಿ ಒತ್ತುತ್ತಾರೆ. ಕೆಳಗಿನವರಿಗೂ ಒಂದು ಗುಂಡಿ ಇದೆ, "ಅಲ್ಲೇನು ನಡೀತಿದೆ?" ಎಂದು ಕೇಳುವುದಕ್ಕೆ. ಅದನ್ನು ಒತ್ತಿದರೆ ಯಾರ ಮೇಲೂ ದೂರು ಹೋಗುವುದಿಲ್ಲ ಎಂದು ನಿಯಮದಲ್ಲೇ ಬರೆಸಿದ್ದೇನೆ. ಸಮಿತಿಯಲ್ಲಿ ಅದಕ್ಕಾಗಿ ಎಷ್ಟು ಹೊಡೆದಾಡಲೂ ನಾನು ತಯಾರು.

ಜೂನ್‌ನಲ್ಲಿ ಅಭ್ಯಾಸವಿದೆ. ನಿಜವಾದ ವಿಮಾನಗಳಿರುವುದಿಲ್ಲ, ಪರದೆಯ ಮೇಲಿನವು. ನಿವೃತ್ತರಾದ ಇಬ್ಬರು ಬೇಕಂತೆ, ಒಬ್ಬರು ಕೆಳಗೆ, ಒಬ್ಬರು ಮೇಲೆ. ನಿಮ್ಮಿಬ್ಬರನ್ನೂ ಕೇಳಲು ಮೇಷ್ಟ್ರು ಹೇಳಿದ್ದಾರೆ. ನೀವು ಜಾಗ ಬಿಟ್ಟದ್ದು ಯಾಕೆಂಬುದನ್ನೂ ಸೇರಿಸಿ ಅಮ್ಮನಿಗೂ ಬರೆದಿದ್ದೇನೆ. ನೀವು ಬರೆಯದೆ ಉಳಿಸಿಕೊಂಡ ಇನ್ನೊಂದು ಮಾತು ಏನೆಂದು ನಾನು ಊಹಿಸಬಲ್ಲೆ. ಅದನ್ನು ನನಗೆ ಬರೆಯಬೇಡಿ, ಕೇಳಬೇಕಾದವರಿಗೆ ಬರೆಯಿರಿ.

ಯಾಕಮ್ಮ

*

ಮೇ 20

ಇವಳೇ,

ಐದು ವರ್ಷದ ಮೇಲೆ ಬರೆಯುತ್ತಿದ್ದೇನೆ, ಸುತ್ತಿ ಬಳಸಿ ಹೇಳುವುದಿಲ್ಲ.

ನಿನ್ನನ್ನು ಟವರ್‌ನಿಂದ ಇಳಿಸಿದ್ದು ನಾನು. ನಮ್ಮ ಮೇಲಧಿಕಾರಿ ಒಂದು ದಿನ ಮೆಟ್ಟಿಲ ಹತ್ತಿರ ಸಿಕ್ಕಿ "ಮನೆಯವರು ಹೇಗಿದ್ದಾರೆ? ಅಮ್ಮ ಹೋದ ಮೇಲೆ ಚೇತರಿಸಿಕೊಂಡ್ರಾ?" ಎಂದು ಕೇಳಿದರು. ಚೆನ್ನಾಗಿದ್ದಾಳೆ ಎಂದು ಹೇಳಿ ಮುಂದೆ ಹೋಗಬಹುದಿತ್ತು. "ಸ್ವಲ್ಪ ಸುಸ್ತಾಗಿರಬಹುದು ಸಾರ್" ಎಂದೆ. ಅಷ್ಟೇ ಅಂದದ್ದು. ಮುಂದಿನ ವಾರ ನಿನ್ನ ವರ್ಗಾವಣೆಯ ಆದೇಶ ಬಂತು.

ನಿನಗೆ ಒಳ್ಳೆಯದಾಗಲಿ ಎಂದು ಹಾಗಂದೆ ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡೆ. ಈಗ ಮಗಳ ಕಾಗದ ಓದಿದ ಮೇಲೆ ಹೇಳಿಕೊಳ್ಳಲೂ ಏನೂ ಉಳಿದಿಲ್ಲ. ಒಂದು ಯಂತ್ರ ತಡಮಾಡಿದ್ದನ್ನು ನಿನ್ನ ಮೇಲೆ ಹಾಕಿದೆ. ನಿನ್ನನ್ನೇ ಕೇಳಿದ್ದರೆ ಅರ್ಧ ನಿಮಿಷದಲ್ಲಿ ತಿಳಿಯುತ್ತಿತ್ತು. ಕೇಳಲಿಲ್ಲ. ನನ್ನಿಂದ ದೊಡ್ಡ ತಪ್ಪಾಯಿತು. ನೀನು ಕ್ಷಮಿಸದಿದ್ದರೂ ನಿನಗೆ ಇದು ಗೊತ್ತಿರಬೇಕು.

ಅಭ್ಯಾಸಕ್ಕೆ ನೀನು ಹೋಗು. ನಾನು ಬರುವುದು ಬೇಡವೆಂದರೆ ಮಗಳಿಗೆ ಏನಾದರೂ ನೆವ ಹೇಳುತ್ತೇನೆ.

ಇಂತಿ
ಮಗಳ ಅಪ್ಪ

*

ಜೂನ್ 6

ಇವರೇ,

ನಿಮ್ಮ ಕಾಗದವನ್ನು ಮೂರು ಸಲ ಓದಿದೆ. ಮೊದಲ ಸಲ ಓದಿದಾಗ ಸಿಟ್ಟು ನೆತ್ತಿಗೇರಿ, ಮಡಚಿಟ್ಟಿದ್ದ ಬಟ್ಟೆಯನ್ನೆಲ್ಲ ಕೆಡವಿ ಮತ್ತೆ ಮಡಚಿದೆ. ಆ ಟವರ್ ನನಗೆ ಏನಾಗಿತ್ತು ಎಂದು ತಿಳಿದವರು ನೀವೊಬ್ಬರೇ. ಬೇರೆ ಯಾರು ಆ ಮಾತು ಅಂದಿದ್ದರೂ ಇಷ್ಟು ನೋಯುತ್ತಿರಲಿಲ್ಲ.

ಎರಡನೇ ಸಲ ಓದುವಾಗ ನನ್ನ ತಪ್ಪು ಕಣ್ಣಿಗೆ ಬಿತ್ತು. ನಿಮ್ಮ ಕಣ್ಣು ಹೋಗುತ್ತಿದೆ ಎಂದು ನಂಬಿಕೊಂಡೇ ಹದಿನಾಲ್ಕು ತಿಂಗಳು ನೀವು ಕಳಿಸಿದ ವಿಮಾನಗಳನ್ನು ಬಾಯಿ ಮುಚ್ಚಿಕೊಂಡು ಇಳಿಸಿದೆನಲ್ಲ, ಅದು ನಿಜವೇ ಆಗಿದ್ದರೆ? ಒಂದೊಂದರಲ್ಲೂ ನೂರೈವತ್ತು ಜನ. ನಿಮ್ಮನ್ನು ಉಳಿಸುವ ಭರದಲ್ಲಿ ಅವರ ಯೋಚನೆಯೇ ನನಗೆ ಬರಲಿಲ್ಲ. ನೀವು ಒಂದು ಮಾತು ಹೆಚ್ಚು ಆಡಿದಿರಿ, ನಾನು ಒಂದು ಮಾತೂ ಆಡಲಿಲ್ಲ. ಯಾವುದು ದೊಡ್ಡದೆಂದು ತೂಗಿ ನೋಡಲು ನನಗೀಗ ಇಷ್ಟವಿಲ್ಲ.

ಕ್ಷಮಿಸಿದ್ದೇನೆ ಎಂದು ಬರೆಯಲು ಹೋದರೆ ಕೈ ನಿಲ್ಲುತ್ತದೆ. ಆದ್ದರಿಂದ ಅದನ್ನು ಬರೆಯುವುದಿಲ್ಲ. ಬರುವ ದಿನ ಬಂದರೆ ನಾನೇ ಹೇಳುತ್ತೇನೆ.

ಸಮಿತಿ ಒಪ್ಪಿತೆಂದು ಮಗಳು ಬರೆದಿದ್ದಾಳೆ. ಅಭ್ಯಾಸಕ್ಕೆ ಬನ್ನಿ, ನೆವ ಗಿವ ಬೇಡ. ಆದರೆ ಈ ಸಲ ಕೆಳಗೆ ಕೂತು ಸಾಲು ಕಟ್ಟುವವಳು ನಾನು, ನೀವು ಮೇಲೆ ಕೂತು ಇಳಿಸಿ. ಮಗಳಿಗೂ ಹಾಗೆಯೇ ಹೇಳಿದ್ದೇನೆ. ನಿಮ್ಮ ಉತ್ತರ ಅರ್ಧ ಸೆಕೆಂಡು ತಡವಾದರೂ ನಾನು ಗುಂಡಿಯನ್ನೂ ಒತ್ತುವುದಿಲ್ಲ, ಬಾಯಿಬಿಟ್ಟೇ ಕೇಳುತ್ತೇನೆ, "ಯಾಕ್ರೀ, ಏನಾಯ್ತು?" ಎಂದು. ಕೋಣೆಯಲ್ಲಿ ಯಾರಿದ್ದರೂ ಸರಿ. ನೀವು ಮೆತ್ತಗೆ ಮಾತಾಡಬಾರದು, ಏನಿಲ್ಲ ಎನ್ನಲೂಬಾರದು. ಏನಾಗಿದೆಯೋ ಅದನ್ನೇ ಹೇಳಬೇಕು.

ನಿಮ್ಮ ಹೆಂಡತಿ